ಸೆರಗಿಲ್ಲದ ಚಿತ್ರ

ಬೇಗಂಪೇಟೆಯಲ್ಲಿ ಚಿತ್ರ ಮಾರುವ ಅಂಗಡಿಯೊಂದಿದೆ. ಅಂಗಡಿ ಅಂದರೆ ಅದರ ಒಡತಿಗೆ ಸಿಟ್ಟು ಬರುತ್ತದೆ, ಗ್ಯಾಲರಿ ಅನ್ನಬೇಕು. ಒಳಗೆ ಮಾಲಿದೆ, ಗಿರಾಕಿಗಳು ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ಕಟ್ಟಿಸಿಕೊಂಡು ಹೋಗುತ್ತಾರೆ. ಅದನ್ನು ಅಂಗಡಿ ಅನ್ನಬಾರದು ಎಂದರೆ ಮತ್ತೇನನ್ನಬೇಕೋ ನನಗೆ ಗೊತ್ತಿಲ್ಲ. ನಾನು ಅಲ್ಲಿ ಕಸ ಹೊಡೆಯುತ್ತೇನೆ, ನೆಲ ಒರೆಸುತ್ತೇನೆ, ಬಂದವರಿಗೆ ಚಹಾ ಕೊಡುತ್ತೇನೆ. ಲಿಂಗಂಪಲ್ಲಿಯಿಂದ ಬೆಳಿಗ್ಗೆ ಲೋಕಲ್ ರೈಲು ಹತ್ತಿ ಬರುವುದು, ಸಂಜೆ ಅದರಲ್ಲೇ ವಾಪಸ್ಸು. ಮೊದಲು ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದೆ. ಗಂಡ ಸತ್ತ. ಮೊಣಕಾಲು ಹೋಯಿತು. ಬುಟ್ಟಿ ಬಿಟ್ಟು ಕಸಬರಿಗೆ ಹಿಡಿದೆ.

ಒಡತಿ ನಮ್ಮ ಸೇಡಂ ಕಡೆಯವರೇ. ಅವರ ಅಜ್ಜ ಸರ್ಕಾರಿ ನೌಕರಿ ಮಾಡಲು ಹೈದರಾಬಾದಿಗೆ ಬಂದವರಂತೆ. ನಾವು ಮಣ್ಣು ಹೊರಲು ಬಂದವರು. ಇಬ್ಬರ ಮನೆಯಲ್ಲೂ ಜೋಳದ ರೊಟ್ಟಿಯೇ, ಅವರ ಮನೆಯಲ್ಲಿ ಬಡಿಯುವವರು ಬೇರೆ ಇದ್ದಾರೆ ಅಷ್ಟೇ. ನಾನು ಅವರನ್ನು ಅಕ್ಕಾರು ಅನ್ನುತ್ತೇನೆ, ಅವರು ನನ್ನನ್ನು ಆಯಿ ಅನ್ನುತ್ತಾರೆ. ಗಿರಾಕಿಗಳ ಜೊತೆ ಅವರದು ಇಂಗ್ಲಿಷು, ಡ್ರೈವರನ ಜೊತೆ ತೆಲುಗು, ಫೋನಿನಲ್ಲಿ ಜಗಳ ಬಿದ್ದರೆ ಹಿಂದಿ. ಕನ್ನಡ ನನ್ನ ಜೊತೆ ಮಾತ್ರ. ನನ್ನ ಓದು ಅಂದರೆ ಮುದಿವಯಸ್ಸಿನಲ್ಲಿ ಕಲಿತ ಅಕ್ಷರ. ಬರೆಯುವಾಗ ಕೈ ನೋಯುತ್ತದೆ, ಹಾಗಾಗಿ ಬೇಕಾದದ್ದನ್ನಷ್ಟೇ ಬರೆಯುತ್ತೇನೆ. ಬೇರೆಯವರು ತೆಲುಗಿನಲ್ಲಿ, ಹಿಂದಿಯಲ್ಲಿ ಆಡಿದ್ದನ್ನೂ ನಮ್ಮ ಮಾತಿನಲ್ಲೇ ಬರೆದಿದ್ದೇನೆ.

ಚಿತ್ರ ಬರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಬ್ಬನಿದ್ದಾನೆ, ಬರೀ ನೀಲಿ ಎಮ್ಮೆ ಬರೆಯುತ್ತಾನೆ. ವರ್ಷ ವರ್ಷವೂ ನೀಲಿ ಎಮ್ಮೆ. ಒಮ್ಮೆ ಹಸಿರು ಎಮ್ಮೆ ತಂದ. ಒಂದೂ ಮಾರಾಟವಾಗಲಿಲ್ಲ, ಮತ್ತೆ ನೀಲಿಗೆ ಬಂದ. ಇನ್ನೊಬ್ಬ ಹೆಂಗಸು ದೊಡ್ಡ ಬಿಳಿ ಬಟ್ಟೆಯ ಮೂಲೆಯಲ್ಲಿ ಒಂದು ಕಪ್ಪು ಗೆರೆ ಎಳೆದು ತಂದಿದ್ದಳು. ನಾನು ಅದನ್ನು ಇನ್ನೂ ಬರೆಯಬೇಕಾದದ್ದು ಅಂದುಕೊಂಡು ಒಳಗಿನ ಕೋಣೆಯಲ್ಲಿ ಇಟ್ಟೆ. ಆಮೇಲೆ ನೋಡಿದರೆ ಅದೇ ಎಲ್ಲಕ್ಕಿಂತ ದುಬಾರಿಯದಂತೆ. ಮತ್ತೊಬ್ಬ ತುಕ್ಕು ಹಿಡಿದ ತಗಡು, ಹಗ್ಗ, ಹಳೆಯ ಚಪ್ಪಲಿ ತಂದು ನೆಲದ ಮೇಲೆ ಹರವಿ ಹೋದ. ಅದನ್ನು ಗುಡಿಸಬಾರದೆಂದು ನನಗೆ ಹೇಳಿಟ್ಟಿದ್ದರು. ಗುಡಿಸಲಿಲ್ಲ. ಆದರೆ ಬಂದ ಗಿರಾಕಿಯೊಬ್ಬರು ಅಲ್ಲೇ ತಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಆ ಚಪ್ಪಲಿಯನ್ನೂ ಜನ ಸುತ್ತ ನಿಂತು ಗದ್ದಕ್ಕೆ ಕೈಹಚ್ಚಿ ನೋಡಿದರು, ಅವರು ಬರಿಗಾಲಲ್ಲಿ ಹುಡುಕಿಕೊಂಡು ಬರುವ ತನಕ.

ಗಿರಾಕಿಗಳ ರೀತಿಯೇ ಬೇರೆ. ಮೊದಲು ದೂರ ನಿಲ್ಲುತ್ತಾರೆ, ತಲೆ ವಾರೆ ಮಾಡುತ್ತಾರೆ, ಹತ್ತಿರ ಬರುತ್ತಾರೆ, ಮತ್ತೆ ಹಿಂದೆ ಹೋಗುತ್ತಾರೆ. ಹಾಲಿಲ್ಲದ, ಸಕ್ಕರೆಯಿಲ್ಲದ ಹಸಿರು ಚಹಾ ಕುಡಿಯುತ್ತಾರೆ. ಅದನ್ನು ಕುಡಿಯುವಾಗ ಅವರ ಮುಖ ಹೇಗಾಗುತ್ತದೋ ಚಿತ್ರ ನೋಡುವಾಗಲೂ ಹಾಗೆಯೇ ಆಗುತ್ತದೆ. ಕೊನೆಗೆ ಅಕ್ಕಾರನ್ನು ಮೆಲ್ಲಗೆ ಕೇಳುತ್ತಾರೆ, ಇದು ಅಡ್ಡ ಎಷ್ಟಿದೆ, ನಮ್ಮ ಸೋಫಾದ ಮೇಲೆ ಹಿಡಿಸುತ್ತದೆಯೇ ಅಂತ.

ಇಂಥ ಕಡೆ ನನ್ನ ಚಿತ್ರವೂ ಗೋಡೆ ಹತ್ತಿತು. ಅದು ಹೇಗೆಂದು ಹೇಳುತ್ತೇನೆ.

ಒಬ್ಬ ಚಿತ್ರಗಾರ ಬಂದ, ತೆಲುಗಿನವನು. ಗಡ್ಡ ಬಿಟ್ಟಿದ್ದ, ಖಾದಿ ಅಂಗಿ ಹಾಕಿದ್ದ, ಕಾಲಿಗೆ ನಮ್ಮ ಕೂಲಿ ಜನ ಹಾಕುವಂಥ ಚಪ್ಪಲಿ. ಆ ಚಪ್ಪಲಿಗೆ ಎಷ್ಟು ಕೊಟ್ಟಿದ್ದಾನೆಂದು ಅಕ್ಕಾರು ನನಗೆ ಆಮೇಲೆ ಹೇಳಿದಾಗ ನಾನು ನಂಬಲಿಲ್ಲ. ಅವನು ದುಡಿಯುವವರ ಚಿತ್ರಗಳ ಪ್ರದರ್ಶನ ಮಾಡುತ್ತಾನಂತೆ. ನಾನು ಒಂದು ಕಾಲದಲ್ಲಿ ಬುಟ್ಟಿ ಹೊತ್ತವಳು ಎಂದು ಅಕ್ಕಾರು ಅವನಿಗೆ ಹೇಳಿದರು. ಅವನ ಕಣ್ಣು ಅರಳಿತು. ನನ್ನ ಸುತ್ತ ಒಂದು ಸುತ್ತು ಹಾಕಿದ, ದನದ ಸಂತೆಯಲ್ಲಿ ಹಾಕುವ ಹಾಗೆ.

ಮಧ್ಯಾಹ್ನ ಊಟವಾದ ಮೇಲೆ ಒಳಗಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಎರಡು ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ತಿಂದಿದ್ದೆ. ಕೂತರೆ ನಿದ್ದೆ ಬರದೆ ಇರುತ್ತದೆಯೇ. ಕಣ್ಣು ಎಳೆಯುತ್ತಿದ್ದವು. ಅವನು ಕಾಗದದ ಮೇಲೆ ಗೀಚುತ್ತಾ ತನ್ನಷ್ಟಕ್ಕೆ ಹೇಳಿಕೊಂಡ.

“ಎಂಥ ನೋವು ಈ ಕಣ್ಣುಗಳಲ್ಲಿ! ತಲೆತಲಾಂತರದ ನೋವು!”

“ನೋವೇನೂ ಇಲ್ಲಪ್ಪಾ, ನಿದ್ದೆ” ಅಂದೆ.

“ಮಾತಾಡಬೇಡಮ್ಮಾ, ನೋವು ಚದುರುತ್ತದೆ” ಅಂದ.

ಹಾಗೆ ಎರಡು ಮಧ್ಯಾಹ್ನ ಕೂತೆ. ಎರಡನೆಯ ದಿನ ಗೊರಕೆ ಹೊಡೆದೆನಂತೆ.

ಆ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ಒಂದು ಮಾತುಕತೆ ನಡೆದಿತ್ತು. ನನ್ನ ಮಗಳ ಮಗಳು ನನ್ನ ಹತ್ತಿರವೇ ಬೆಳೆದವಳು. ಅವಳ ಅವ್ವ ತೀರಿಹೋದ ಮೇಲೆ ನಾನೇ ಸಾಕಿದೆ. ಲಿಂಗಂಪಲ್ಲಿಯ ದೊಡ್ಡ ಕಿರಾಣಿ ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸಕ್ಕಿದ್ದಾಳೆ. ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿದ್ದಾನೆ, ನಮ್ಮ ಸೇಡಂ ಕಡೆಯ ಜನ. ಹುಡುಗ ತಾಯಿಯ ಜೊತೆ ಬಂದು ನೋಡಿಹೋದ. ಇವಳು ಅವನನ್ನು ಚಹಾ ಕೊಡುವಾಗ ಒಂದು ಸಲ ನೋಡಿದಳು, ಖಾಲಿ ಕಪ್ಪು-ಬಸಿ ತೆಗೆದುಕೊಳ್ಳುವಾಗ ಇನ್ನೊಂದು ಸಲ ನೋಡಿದಳು. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು.

“ಆಯಿ, ನಂಗ ಈ ಹುಡುಗ ಬೇಕು. ಇದು ಮುರದ್ರ ಮುಂದ ಯಾರ್ನೂ ಮನೀಗೆ ಕರ್ಕೊಂಡು ಬರಬ್ಯಾಡ.”

“ಒಂದ ದಿನದಾಗ ಏನ ಕಂಡ್ಯ ಅವನ್ನ?”

“ಅಂವ ಬಸಿ ತಾನ ಎತ್ತಿ ಇಟ್ಟ. ನೀನ ನೋಡಿಲ್ಲ?”

ನೋಡಿದ್ದೆ. ಹುಡುಗನದೇನೂ ತಕರಾರಿಲ್ಲ. ತಕರಾರು ಅವನ ತಾಯಿಯದು. ಆ ಹೆಂಗಸಿಗೆ ಸೆರಗೇ ಜೀವ. ನಮ್ಮ ಕಡೆ ಬೀಗರ ಮುಂದೆ, ಹಿರಿಯರ ಮುಂದೆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು ರೂಢಿ. ಹೈದರಾಬಾದಿಗೆ ಬಂದು ಎಷ್ಟೋ ಜನ ಬಿಟ್ಟಿದ್ದಾರೆ. ಈಕೆ ಬಿಟ್ಟಿಲ್ಲ, ಬೇರೆಯವರೂ ಬಿಡಬಾರದು ಅನ್ನುತ್ತಾಳೆ. ತನ್ನ ದೊಡ್ಡ ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಾಯಿ ಬರೀ ತಲೆಯಲ್ಲಿ ಬಂದು ಅವಲಕ್ಕಿ ಕೊಟ್ಟಳಂತೆ. ಈಕೆ ಅವಲಕ್ಕಿಯ ತಟ್ಟೆ ಅಲ್ಲೇ ಇಟ್ಟು ಎದ್ದು ಬಂದಳಂತೆ. ಇದನ್ನು ನಮ್ಮ ಮನೆಯಲ್ಲಿ ಕೂತು ತಾನೇ ಹೇಳಿದಳು, ನನ್ನ ಸೆರಗಿನ ಮೇಲೇ ಕಣ್ಣಿಟ್ಟು. ನಾನು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡೆ.

ನಿಶ್ಚಯಕ್ಕೆ ಮುಂಚೆ ಗಂಡಿನವರು ಹೆಣ್ಣಿನವರ ಮನೆತನ ವಿಚಾರಿಸುವುದುಂಟು. ಅಕ್ಕಪಕ್ಕದವರನ್ನು ಕೇಳುತ್ತಾರೆ, ಕೆಲಸದ ಜಾಗ ನೋಡುತ್ತಾರೆ. ಹೋಗುವಾಗ ಈಕೆ ಹೇಳಿದಳು.

“ಅವ್ವಾರ, ಬರೋ ಆಯ್ತಾರ ನಿಮ್ಮ ಕೆಲಸದ ಜಾಗಕ್ಕ ಬರ್ತೀವ್ರಿ. ನೋಡಿ ಹಂಗ ಹೊಳ್ಳಿ ಹೋಗ್ತೀವಿ. ಮನಸಿಗಿ ಬಂದ್ರ ಅಲ್ಲೇ ನಿಶ್ಚಯದ ದಿನಾ ಹೇಳ್ತೀನಿ.”

“ಬರ್ರಿ, ಅದಕೇನ್ರಿ. ಗ್ವಾಡಿ ತುಂಬ ಚಿತ್ರ ಅದಾವ, ನೋಡೀರಂತ” ಅಂದೆ. ಗೋಡೆಯ ಮೇಲೆ ಏನು ಬರುತ್ತದೆಂದು ನನಗಾದರೂ ಏನು ಗೊತ್ತಿತ್ತು.

ಆ ವಾರದ ಮೊದಲಿಗೆ ಚಿತ್ರ ಬಂತು. ಆಳೆತ್ತರದ ಚಿತ್ರ. ಇಬ್ಬರು ಹಿಡಿದು ತಂದು ಗೋಡೆಗೆ ಆನಿಸಿದರು. ನಾನು ಒರೆಸುವ ಬಟ್ಟೆ ಹಿಡಿದು ನಿಂತು ನೋಡಿದೆ. ಮುಖ ನನ್ನದೇ. ಅದರಲ್ಲಿ ಅವನ ತಪ್ಪಿಲ್ಲ, ಮೂಗು ಕೂಡ ನನ್ನದೇ. ಕುತ್ತಿಗೆಯಿಂದ ಕೆಳಗೆ ಯಾವಳೋ ಬೇರೆಯವಳು. ನನ್ನ ಮೈ ತುಂಬಿದ ಮೈ, ಅವನು ಎಲುಬು ಎಣಿಸುವ ಹಾಗೆ ಬರೆದಿದ್ದ. ತಲೆಯ ಮೇಲೆ ಖಾಲಿ ಬುಟ್ಟಿ. ಸೆರಗು ತಲೆಯ ಮೇಲಿಲ್ಲ. ಹೆಗಲ ಮೇಲೂ ಇಲ್ಲ. ಜಾರಿ ಮೊಣಕೈಗೆ ಬಿದ್ದಿದೆ. ಕುಪ್ಪಸವೂ ಇಲ್ಲ. ಒಂದು ಹೆಗಲು ಬೆತ್ತಲೆ. ಕೆಳಗೆ ಹೆಸರು ಹಾಕಿದ್ದರು, ಅಕ್ಕಾರು ಓದಿ ಹೇಳಿದರು: ‘ಹಸಿವು.’

ಪುಂಡಿಪಲ್ಯ ತಿಂದು ಕೂತವಳಿಗೆ ಹಸಿವಂತೆ.

ಅಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಅಕ್ಕಾರು ಫೋನಿನಲ್ಲಿ ಫ್ಲೆಕ್ಸಿನವನ ಜೊತೆ ಮಾತಾಡುತ್ತಿದ್ದರು. ಪ್ರದರ್ಶನ ಆದಿತ್ಯವಾರ ಶುರುವಾಗುತ್ತದೆ, ಅದಕ್ಕೆ ಹೊರಗೆ ಗೇಟಿನ ಮೇಲೆ ಇದೇ ಚಿತ್ರದ ದೊಡ್ಡ ಫ್ಲೆಕ್ಸು ಕಟ್ಟಬೇಕು, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣಬೇಕು. ಅದೇ ಆದಿತ್ಯವಾರ ಹುಡುಗನ ತಾಯಿ ಅದೇ ಗೇಟಿನಿಂದ ಒಳಗೆ ಬರುವವಳು.

ಚಿತ್ರಗಾರ ಅಲ್ಲೇ ಇದ್ದ. ನೇರ ಅವನ ಹತ್ತಿರ ಹೋದೆ.

“ಅಪ್ಪಾ, ಸೆರಗು ಬರಿ.”

“ಏನಮ್ಮಾ?”

“ತಲೆಯ ಮೇಲೆ ಸೆರಗು ಬರಿ. ಹೆಗಲು ಮುಚ್ಚು. ಬಣ್ಣ ಇನ್ನೂ ಉಳಿದಿರಬೇಕಲ್ಲ.”

ಅವನು ನಕ್ಕ. ಸಣ್ಣ ಮಕ್ಕಳು ಚಂದ್ರ ಬೇಕೆಂದಾಗ ನಗುತ್ತಾರಲ್ಲ, ಹಾಗೆ.

“ಅಮ್ಮಾ, ಇದು ನೀನಲ್ಲ. ಇದು ಶ್ರಮ. ಶ್ರಮಕ್ಕೆ ಸೆರಗಿರುವುದಿಲ್ಲ.”

“ಶ್ರಮಕ್ಕೆ ನನ್ನ ಮೂಗು ಯಾಕೆ ಇಟ್ಟೆ ಹಾಗಾದರೆ? ನಾನು ಅಷ್ಟು ವರ್ಷ ಬುಟ್ಟಿ ಹೊತ್ತೆ, ಕುಪ್ಪಸ ಹಾಕದೆ ಒಂದು ದಿನ ಹೊತ್ತಿಲ್ಲ. ತಲೆಯ ಮೇಲೆ ಸೆರಗಿಲ್ಲದಿದ್ದರೆ ಬುಟ್ಟಿಯ ಕೆಳಗಿನ ಸಿಂಬಿ ಎಲ್ಲಿ ನಿಲ್ಲುತ್ತದೆ?”

“ನೀನು ನೋಡುವುದು ಹೊರಗಿನ ಸತ್ಯ. ನಾನು ಬರೆದದ್ದು ಒಳಗಿನ ಸತ್ಯ.”

“ಒಳಗಿನದನ್ನು ಮುಚ್ಚಲಿಕ್ಕೇ ಸೆರಗು ಇರುವುದು” ಅಂದೆ. ಅವನು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ನನ್ನ ಮಾತು ತಾಗಿತೋ, ಅವನಿಗೇ ಅವನ ಮಾತು ಹಿಡಿಸಿತೋ ತಿಳಿಯಲಿಲ್ಲ.

ಅಕ್ಕಾರ ಕಡೆ ತಿರುಗಿದೆ. ಸಂಬಂಧದ ಮಾತೆಲ್ಲ ಹೇಳಿದೆ. ಅವರಿಗೆ ಸೆರಗಿನ ವಿಷಯ ಗೊತ್ತಿಲ್ಲದ್ದೇನಲ್ಲ, ಅವರ ಅಜ್ಜಿಯೂ ಹೊದ್ದವರೇ.

“ಆಯಿ, ನಂಗ ತಿಳೀತೈತಿ. ಆದ್ರ ಕಲಾವಿದರ ಚಿತ್ರಕ್ಕ ನಾವು ಕೈ ಹಚ್ಚಬಾರ್ದು. ಒಂದ ಗೆರಿ ಬದ್ಲಿ ಮಾಡು ಅನ್ನಂಗಿಲ್ಲ. ಅದು ಭಾಳ ದೊಡ್ಡ ತಪ್ಪಾಗ್ತೈತಿ.”

“ಮೊಮ್ಮಗಳ ಲಗ್ನ ಮುರದ್ರ ಅದು ಸಣ್ಣ ತಪ್ಪೇನ್ರಿ?”

“ಅವರ ಮುಂದ ನಾ ಹೇಳ್ತೀನಿ ಬಿಡು, ಇದು ಕಲಾ ಅಂತ.”

“ಆಕಿ ಅವಲಕ್ಕಿ ಬಿಟ್ಟು ಎದ್ದು ಬಂದಾಕಿರಿ. ನಿಮ್ಮ ಕಲಾ ಬಿಟ್ಟು ಎದ್ದು ಹೋಗಾಕ ಎಷ್ಟೊತ್ತು?”

ಅಕ್ಕಾರು ನಕ್ಕರು. ಅದರಿಂದ ಏನೂ ಆಗಲಿಲ್ಲ.

ರೈಲಿನಲ್ಲಿ ವಾಪಸ್ಸು ಹೋಗುವಾಗ ಲೆಕ್ಕ ಹಾಕಿದೆ. ಆ ದಿನ ಬರಬೇಡಿ ಎಂದು ಹೇಳಿ ಕಳಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನುತ್ತಾಳೆ. ಮೊದಲೇ ಹೇಳಿಬಿಟ್ಟರೆ, ಮೈಮೇಲೆ ಬಟ್ಟೆಯಿಲ್ಲದೆ ಗಂಡಸಿನ ಮುಂದೆ ಕೂತಳು ಎನ್ನುತ್ತಾಳೆ. ಇಲ್ಲ ಕೂತಿರಲಿಲ್ಲ ಅಂದರೆ, ಹಾಗಾದರೆ ಅವನು ಹೇಗೆ ಬರೆದ ಎನ್ನುತ್ತಾಳೆ. ಮೊಮ್ಮಗಳಿಗೆ ಹೇಳಿದಾಗ ಅವಳು ಅಳಲಿಲ್ಲ, ಕೂಗಾಡಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಬಡಿದಳು, ಆ ರೊಟ್ಟಿ ಕಾಗದದಷ್ಟು ತೆಳುವಾಗಿ ಹರಿದುಹೋಯಿತು.

ಮರುದಿನ ಒಬ್ಬ ಬಿಲ್ಡರ್ ಬಂದ. ಮೂರು ಟವರಿನ ದೊಡ್ಡ ಅಪಾರ್ಟ್‌ಮೆಂಟು ಕಟ್ಟಿಸಿದ್ದಾನಂತೆ, ಬಾಗಿಲೊಳಗೆ ಕಾಲಿಡುತ್ತಿದ್ದಂತೆ ಕಾಣುವ ಗೋಡೆಗೆ ಚಿತ್ರ ಬೇಕಂತೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಜೊತೆಗೆ ವಾಸ್ತು ಹೇಳುವವನೊಬ್ಬ, ಹಣೆಯ ತುಂಬ ಗಂಧ, ಕೈಯಲ್ಲಿ ದಿಕ್ಕು ತೋರಿಸುವ ಡಬ್ಬಿ. ನಮ್ಮ ಅಕ್ಕಾರು ಓಡಾಡಿದ ರೀತಿ ನೋಡಿದರೆ ಗಿರಾಕಿ ದೊಡ್ಡದೆಂದು ಗೊತ್ತಾಗುತ್ತಿತ್ತು. ಚಿತ್ರಗಾರನಿಗೂ ಫೋನ್ ಹೋಯಿತು, ಆಟೋದಲ್ಲಿ ಓಡಿ ಬಂದ.

ಬಿಲ್ಡರು ನೀಲಿ ಎಮ್ಮೆ ನೋಡಿದ, ಮುಂದೆ ಹೋದ. ಕಪ್ಪು ಗೆರೆ ನೋಡಿದ, ಅದು ಚಿತ್ರವೆಂದು ಗೊತ್ತಾಗದೆ ಮುಂದೆ ಹೋದ. ನನ್ನ ಚಿತ್ರದ ಮುಂದೆ ನಿಂತ.

“ಸೈಜು ಸರಿಯಾಗಿದೆ” ಅಂದ.

ಚಿತ್ರಗಾರ ಶ್ರಮದ ಬಗ್ಗೆ ಹೇಳತೊಡಗಿದ. ಬಿಲ್ಡರು ತಲೆಯಾಡಿಸಿದ. ತನ್ನ ಕಟ್ಟಡಕ್ಕೆ ಶ್ರಮ ಹೊಂದುತ್ತದೆ ಅಂದ. ನಾನು ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಚಿತ್ರದಲ್ಲಿರುವವಳೂ ತಟ್ಟೆ ಹಿಡಿದವಳೂ ಒಬ್ಬಳೇ ಅಂತ ಅವನಿಗೆ ಹೊಳೆಯಲಿಲ್ಲ. ಕಪ್ಪು ತೆಗೆದುಕೊಳ್ಳುವಾಗ ಅವನು ಕಪ್ಪನ್ನು ನೋಡಿದ, ನನ್ನನ್ನು ನೋಡಲಿಲ್ಲ.

ವಾಸ್ತುವಿನವನು ಮಾತ್ರ ಮುಖ ಗಂಟು ಹಾಕಿ ನಿಂತಿದ್ದ.

“ಬುಟ್ಟಿ ಖಾಲಿ ಇದೆ” ಅಂದ. “ಬಾಗಿಲಲ್ಲೇ ಖಾಲಿ ಬುಟ್ಟಿ ಎದುರಾದರೆ ಫ್ಲಾಟು ಮಾರಾಟವಾಗುವುದಿಲ್ಲ.”

ಬಿಲ್ಡರು ಚಿತ್ರಗಾರನ ಕಡೆ ನೋಡಿದ. “ಬುಟ್ಟಿಯಲ್ಲಿ ಏನಾದರೂ ಹಾಕಿ.”

“ಆದರೆ ಇದರ ಹೆಸರೇ ಹಸಿವು...” ಎಂದು ಚಿತ್ರಗಾರ ಶುರು ಮಾಡಿದ.

“ಮೂರು ಟವರಿಗೂ ನಿಮ್ಮ ಚಿತ್ರಗಳೇ ಇರಲಿ ಎಂದುಕೊಂಡಿದ್ದೆ” ಅಂದ ಬಿಲ್ಡರು.

ಚಿತ್ರಗಾರ ಗಡ್ಡ ಸವರಿಕೊಂಡ. “ತುಂಬಬಹುದು. ನಿಜ ಹೇಳಬೇಕೆಂದರೆ ತುಂಬಿದ ಬುಟ್ಟಿಯಲ್ಲೂ ಒಂದು ಬಗೆಯ ಹಸಿವಿದೆ. ಮಾವಿನಹಣ್ಣು ಇರಲಾ?”

“ಮಾವು ಬೇಡ, ಸೀಸನ್ನಿಗೆ ಮಾತ್ರ ಆಗುತ್ತದೆ. ಭತ್ತದ ತೆನೆ ಹಾಕಿ” ಅಂದ ವಾಸ್ತುವಿನವನು.

ನಿನ್ನೆ ಒಂದು ಗೆರೆಯನ್ನೂ ಮುಟ್ಟಬಾರದು ಎಂದಿದ್ದ ಅಕ್ಕಾರು ಈಗ ನಗುನಗುತ್ತಾ ಭತ್ತದ ತೆನೆಗೆ ತಲೆಯಾಡಿಸಿದರು. ಆಗ ನನಗೆ ದಾರಿ ಕಂಡಿತು. ಇಲ್ಲಿ ಚಿತ್ರ ಬರೆಯುವವನನ್ನು ಕೇಳಿ ಪ್ರಯೋಜನವಿಲ್ಲ, ವಾಸ್ತುವಿನವನನ್ನು ಕೇಳಬೇಕು. ಅವನಿಗೆ ಚಹಾ ಕೊಡುವ ನೆಪದಲ್ಲಿ ಬಗ್ಗಿ ತೆಲುಗಿನಲ್ಲಿ ಕೇಳಿದೆ.

“ಸ್ವಾಮೀ, ಬರೀ ತಲೆಯ ಹೆಂಗಸು ಬಾಗಿಲಿಗೆ ಎದುರಾಗಿ ನಿಂತರೆ ನಡೆಯುತ್ತದೆಯಾ?”

ಅವನಿಗೆ ಚಹಾ ನೆತ್ತಿಗೇರಿತು. ಕೆಮ್ಮಿ, ಕಣ್ಣು ಒರೆಸಿಕೊಂಡು, “ಅದನ್ನೇ ಹೇಳಬೇಕೆಂದಿದ್ದೆ” ಅಂದ. “ತಲೆಯ ಮೇಲೆ ಸೆರಗು ಬರಲೇಬೇಕು. ಹೆಗಲು ಮುಚ್ಚಬೇಕು. ಲಕ್ಷ್ಮಿಯ ಕಳೆ ಇರುವುದೇ ಅಲ್ಲಿ.”

“ಆಗುತ್ತದೆ” ಅಂದ ಚಿತ್ರಗಾರ. “ಸೆರಗು ಅಂದರೆ ಆಕಾಶ. ನನಗೇ ಅಲ್ಲಿ ಏನೋ ಕೊರತೆ ಅನ್ನಿಸಿತ್ತು.”

ನನಗೆ ಕುಣಿಯಬೇಕೆನ್ನಿಸಿತು. ಮೊಣಕಾಲು ಬಿಡಲಿಲ್ಲ. ಅಷ್ಟಕ್ಕೆ ಅವರು ನಿಲ್ಲಿಸಬೇಕಿತ್ತು. ವಾಸ್ತುವಿನವನು ಒಮ್ಮೆ ಬಾಯಿ ತೆರೆದವನು ಮುಚ್ಚಲಿಲ್ಲ.

“ಕೈ ಬರಿದಿದೆ. ಹಸಿರು ಬಳೆ ಬರಲಿ. ಹಣೆ ಬರಿದಿದೆ. ಕುಂಕುಮ ಬರಲಿ, ದೊಡ್ಡದು. ಕೊರಳಲ್ಲಿ ತಾಳಿ. ಮುತ್ತೈದೆ ಎದುರಾದರೆ ಶುಭ.”

ನಾನು ಗಂಡ ಸತ್ತವಳು. ಹುಡುಗನ ತಾಯಿಗೆ ಅದು ಗೊತ್ತು, ಮನೆಗೆ ಬಂದವಳು ನನ್ನ ಹಣೆ ನೋಡಿಯೇ ಹೋಗಿದ್ದಾಳೆ. ಗಂಡ ಸತ್ತವಳು ಕುಂಕುಮ ಬಳೆ ಇಟ್ಟು ಬೀದಿಯ ಗೇಟಿನ ಮೇಲೆ ನಿಂತರೆ ಅವಳು ಏನಂದುಕೊಳ್ಳಬೇಕು? ಇದಕ್ಕಿಂತ ಬರೀ ತಲೆಯೇ ಬೇಕಾಗಿತ್ತು.

“ಅಕ್ಕಾರ, ಕುಂಕುಮ ಬ್ಯಾಡ ಅನ್ರಿ” ಅಂದೆ ಮೆಲ್ಲಗೆ.

“ಆಯಿ, ಬಿಸ್ಕಿಟ್ ತಗೊಂಡು ಬಾ” ಅಂದರು ಅಕ್ಕಾರು.

“ಸ್ವಾಮೀ, ಸೆರಗಷ್ಟೇ ಸಾಕಲ್ಲವಾ?” ಅಂತ ಅವನನ್ನೇ ಕೇಳಿದೆ.

“ಅಮ್ಮಾ, ನಿನಗೆ ಶಾಸ್ತ್ರ ತಿಳಿಯುವುದಿಲ್ಲ” ಅಂದ.

ಬಿಸ್ಕಿಟ್ ತಂದು ಕೊಡುವಷ್ಟರಲ್ಲಿ ಇನ್ನೆರಡು ಮಾತು ಆಗಿಹೋಗಿದ್ದವು. ಸೀರೆಯ ಬಣ್ಣ ಬಿಲ್ಡರನ ಕಟ್ಟಡದಲ್ಲಿರುವ ಸೋಫಾಕ್ಕೆ ಹೊಂದುವ ಅರಿಶಿನ ಬಣ್ಣವಾಗಬೇಕು. ಮುಖದಲ್ಲಿ ನಗು ಬೇಕು. ಮೂಗಿನ ಮಾತು ಯಾರೂ ಎತ್ತಲಿಲ್ಲ.

ಚಿತ್ರಗಾರ ಒಳಗಿನ ಕೋಣೆಯಲ್ಲೇ ಕೂತು ತಿದ್ದಿದ. ಹಸಿವಿನ ಎಲುಬುಗಳ ಮೇಲೆ ಒಂದೊಂದಾಗಿ ಅರಿಶಿನ ಬಣ್ಣ ಏರಿತು. ನಾನು ನೆಲ ಒರೆಸುತ್ತಾ ಅವನ ಬೆನ್ನ ಹಿಂದೆ ಸುಳಿದಾಡಿದೆ. ಹಣೆಗೆ ಕೆಂಪು ಬಣ್ಣ ಅದ್ದುವಾಗ ತಡೆಯಲಾಗಲಿಲ್ಲ.

“ಅಪ್ಪಾ, ಅಲ್ಲಿ ಬೇಡ. ನನ್ನ ಗಂಡ ಸತ್ತಿದ್ದಾನೆ.”

ಅವನು ಕುಂಚ ಹಿಡಿದೇ ತಿರುಗಿ ನೋಡಿದ. ಒಂದು ಗಳಿಗೆ ನಿಜವಾಗಿಯೂ ಪೇಚಾಡಿದ ಅನ್ನಿಸಿತು. ಆಮೇಲೆ ಅಂದ, “ಅಮ್ಮಾ, ಮೂರು ಟವರು.”

ಅವನು ಆಡಿದ ಮಾತುಗಳಲ್ಲಿ ನನಗೆ ಪೂರಾ ಅರ್ಥವಾದದ್ದು ಅದೊಂದೇ. ಅವನಿಗೂ ಮನೆ ಬಾಡಿಗೆಯಿರಬೇಕು, ಮಕ್ಕಳ ಶಾಲೆಯಿರಬೇಕು. ಬಕೆಟ್ ಎತ್ತಿಕೊಂಡು ಹೊರಗೆ ಬಂದೆ.

ಚಿತ್ರದ ಹೆಸರು ಹಸಿವು ಹೋಗಿ ‘ಸಮೃದ್ಧಿ’ ಆಯಿತು. ಪಕ್ಕದಲ್ಲಿ ಅಂಟಿಸಿದ ಉದ್ದದ ಬರಹದಲ್ಲಿ ಹಸಿವು ಇದ್ದ ಕಡೆಯೆಲ್ಲ ಸಮೃದ್ಧಿ ಹಾಕಿದರಂತೆ, ಮಿಕ್ಕಿದ್ದು ಹಾಗೇ ಇತ್ತಂತೆ. ಓದಿದವರು ಯಾರೂ ತಕರಾರು ಮಾಡಲಿಲ್ಲ. ಶನಿವಾರ ಫ್ಲೆಕ್ಸು ಬಂತು, ಗೇಟಿಗೆ ಕಟ್ಟಿದರು. ಅರಿಶಿನ ಸೀರೆ, ಹಸಿರು ಬಳೆ, ಕಾಸಗಲ ಕುಂಕುಮ, ಹುಬ್ಬಿನ ತನಕ ಸೆರಗು, ತಲೆಯ ಮೇಲೆ ಭತ್ತದ ತೆನೆ, ಹಲ್ಲೆಲ್ಲ ಕಾಣುವ ನಗು. ನನಗೆ ಅಷ್ಟು ಹಲ್ಲೂ ಇಲ್ಲ.

ಆದಿತ್ಯವಾರ ಸಂಜೆ ಜನ ತುಂಬಿದರು. ಪೇಪರಿನವರು, ಕ್ಯಾಮರಾದವರು, ಬಿಲ್ಡರಿನ ಕಡೆಯವರು. ಗಿರಾಕಿಗಳು ಗದ್ದಕ್ಕೆ ಕೈಹಚ್ಚಿದರು. ನಾನು ಚಹಾದ ತಟ್ಟೆ ಹಿಡಿದಿದ್ದರೂ ಕಣ್ಣು ಬಾಗಿಲಲ್ಲೇ. ಹೇಳಬೇಕಾದದ್ದನ್ನು ರೈಲಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ: ಯವ್ವಾ, ಮುಖ ನಂದು, ಕುಂಕುಮ ಬಿಲ್ಡರಂದು. ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ. ಮೊಮ್ಮಗಳನ್ನು ಕರೆತಂದಿರಲಿಲ್ಲ. ನಾನು ಬರುವ ತನಕ ಅವಳು ಬಾಗಿಲಲ್ಲೇ ನಿಂತಿರುತ್ತಾಳೆಂದು ಗೊತ್ತಿತ್ತು.

ಹುಡುಗನ ತಾಯಿ ಬಂದಳು, ಹಿಂದೆ ಹುಡುಗ. ಸೆರಗು ಬಿಗಿಯಾಗಿ ಹೊದ್ದಿದ್ದಳು. ನಾನೂ ಎಳೆದುಕೊಂಡೆ.

“ಅವ್ವಾರ,” ಅಂದಳು, ಬಂದವಳೇ. “ಗೇಟಿನ ಮ್ಯಾಲ ಒಂದು ಚಿತ್ರ ಐತಿ. ಮಾರಿ ನಿಮ್ಮದ ಕಂಡಂಗ ಆತು ನಂಗ.”

“ಹೌದೇನ್ರಿ” ಅಂದೆ.

“ಮೂಗು ಖರೇವಂದ್ರ ನಿಮ್ಮದ. ಆದ್ರ ಹಣಿ ಮ್ಯಾಲ ಕುಂಕುಮ ಐತಿ, ಕೈಯಾಗ ಹಸರ ಬಳಿ. ಅದಕ ಕೇಳಾಕತ್ತೀನಿ.”

ಹುಡುಗ ಅವಳ ಸೆರಗಿನ ತುದಿ ಮೆಲ್ಲಗೆ ಜಗ್ಗಿದ. “ಅವ್ವಾ, ಸುಮ್ಮನಿರ.”

“ನೀ ಸುಮ್ಮನಿರೋ. ಕೇಳಿದ್ರ ಏನಾಗ್ತೈತಿ?”

ನಾನು ಬಾಯಿ ತೆರೆದೆ. ಯವ್ವಾ ಅನ್ನುವುದೂ ಆಯಿತು. ಆಗಲೇ ಮೈಕಿನಲ್ಲಿ ಬಿಲ್ಡರನ ದನಿ ಕೇಳಿಸಿತು. ಅವನು ನನ್ನ ಚಿತ್ರದ ಮುಂದೆ ನಿಂತಿದ್ದ, ಕ್ಯಾಮರಾಗಳು ಸುತ್ತ ಇದ್ದವು.

“ಈ ಚಿತ್ರವನ್ನು ನಾನು ಯಾಕೆ ತಗೊಂಡೆ ಅಂತ ಎಲ್ಲರೂ ಕೇಳುತ್ತಾರೆ” ಅಂದ. ಯಾರೂ ಕೇಳಿರಲಿಲ್ಲ. “ಇದು ನನ್ನ ತಾಯಿ. ತಲೆಯ ಮೇಲೆ ಬುಟ್ಟಿ ಹೊತ್ತು ನನ್ನನ್ನು ಬೆಳೆಸಿದ ತಾಯಿ. ಇಂದು ನಾನು ಕಟ್ಟುವ ಒಂದೊಂದು ಟವರೂ ಆ ಬುಟ್ಟಿಯಿಂದ ಬಂದದ್ದು.”

ಜನ ಚಪ್ಪಾಳೆ ತಟ್ಟಿದರು. ಅವನ ಅಪ್ಪನೇ ದೊಡ್ಡ ಗುತ್ತಿಗೆದಾರ, ಅವನ ತಾಯಿ ಕಾರಿನ ಬಾಗಿಲನ್ನೂ ತಾನಾಗಿ ತೆಗೆದವಳಲ್ಲ ಎಂದು ಅವನ ಡ್ರೈವರೇ ಚಹಾ ಕುಡಿಯುವಾಗ ನನಗೆ ಹೇಳಿದ್ದ. ಆ ಡ್ರೈವರು ಬಾಗಿಲ ಹತ್ತಿರ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಬಿಲ್ಡರು ಕರವಸ್ತ್ರ ತೆಗೆದು ಕಣ್ಣು ಒತ್ತಿಕೊಂಡ. ಕಣ್ಣಲ್ಲಿ ನೀರು ನಿಜವಾಗಿಯೂ ಇತ್ತು. ತನ್ನ ಮಾತು ತಾನೇ ನಂಬಿಬಿಟ್ಟಿದ್ದ.

ಹುಡುಗನ ತಾಯಿಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ. ಅವಳು ಚಿತ್ರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಪೂರ್ತಿ ನಂಬಿಕೆ ಬರಲಿಲ್ಲ. ಅವಳು ಕೇಳಿ ತಿಳಿಯುವ ಹೆಂಗಸು. ನೇರ ಚಿತ್ರಗಾರನ ಹತ್ತಿರ ಹೋಗಿ ಅವನ ತೋಳು ಮುಟ್ಟಿದಳು.

“ತಮ್ಮಾ, ಇದು ಖರೇನ ಅವರ ತಾಯೇ?” ಅಂತ ತೆಲುಗಿನಲ್ಲಿ ಕೇಳಿದಳು.

ಚಿತ್ರಗಾರ ನನ್ನನ್ನು ನೋಡಿದ. ಬಿಲ್ಡರನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ನಾನು ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ.

“ಹೌದಮ್ಮಾ” ಅಂದ. “ಅವರ ಮನೆಗೇ ಹೋಗಿ ಕೂತು ಬರೆದೆ. ಮಹಾತಾಯಿ. ಊಟ ಮಾಡದೆ ಕಳಿಸಲಿಲ್ಲ.”

ಸುಳ್ಳಿಗೆ ಊಟವನ್ನೂ ಸೇರಿಸಿದ ನೋಡಿ, ಅಲ್ಲಿ ನನಗೆ ಅವನ ಮೇಲೆ ಮೊದಲ ಸಲ ಗೌರವ ಬಂತು. ಅವನು ಅದನ್ನು ನನಗಾಗಿ ಹೇಳಿದನೋ, ಮೂರು ಟವರಿಗಾಗಿ ಹೇಳಿದನೋ ನಾನು ಕೇಳಲು ಹೋಗಲಿಲ್ಲ. ಅಕ್ಕಾರು ಅಲ್ಲೇ ಇದ್ದರು. ಅವರೂ ಎಲ್ಲ ಕೇಳಿಸಿಕೊಂಡರು, ಗಾಜಿನ ಲೋಟದಲ್ಲಿ ಮುಖ ಇಟ್ಟುಕೊಂಡರು. ನಾನು ನಿಜ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು, ಬಿಲ್ಡರು, ಚಿತ್ರಗಾರ, ಅಕ್ಕಾರು ಮೂವರೂ ಕ್ಯಾಮರಾದ ಮುಂದೆ ಕುಸಿದು ಕೂತುಬಿಡುತ್ತಿದ್ದರು. ಲಗ್ನ ಮುರಿದು ನನ್ನ ಮೊಮ್ಮಗಳೂ ಮನೆಯಲ್ಲಿ ಕೂತುಬಿಡುತ್ತಿದ್ದಳು. ಚಹಾ ಹಂಚಿದೆ.

ಹುಡುಗನ ತಾಯಿ ಚಿತ್ರದ ಮುಂದೆ ಹೋಗಿ ಕೈ ಮುಗಿದಳು. ಬಹಳ ಹೊತ್ತು ನಿಂತು ನೋಡಿದಳು, ಅಲ್ಲಿದ್ದ ಯಾವ ಗಿರಾಕಿಯೂ ಅಷ್ಟು ಹೊತ್ತು ನೋಡಲಿಲ್ಲ. ಆಮೇಲೆ ಮಗನನ್ನು ಕರೆದಳು.

“ನೋಡೋ. ಮಗ ಇಷ್ಟು ದೊಡ್ಡ ಶ್ರೀಮಂತ ಆಗ್ಯಾನ. ಆದ್ರೂ ತಾಯಿ ತಲಿ ಮ್ಯಾಲಿನ ಸೆರಗು ಬಿಟ್ಟಿಲ್ಲ. ಇದಕ್ಕ ಮನೆತನ ಅಂತಾರ.”

“ಹೂಂ ಅವ್ವಾ” ಅಂದ ಹುಡುಗ. ಅವನು ನನ್ನ ಮೂಗನ್ನೂ ಚಿತ್ರದ ಮೂಗನ್ನೂ ಸರಿಯಾಗಿ ನೋಡಿದ್ದ. ನನ್ನ ಕೈಯಲ್ಲಿದ್ದ ತಟ್ಟೆ ಇಸಕೊಂಡು ತಾನೇ ಎಲ್ಲರಿಗೂ ಕಪ್ಪು ಕೊಡತೊಡಗಿದ. ನಮ್ಮ ಮನೆಗೆ ಇಂಥವನೊಬ್ಬ ಸಾಕು ಅನ್ನಿಸಿತು.

ಹೊರಡುವಾಗ ಅವಳು ನಿಂತಳು.

“ಜಾಗ ಛಲೋ ಐತ್ರಿ ಅವ್ವಾರ. ಮರ್ಯಾದಿ ಮಂದಿ ಬರ್ತಾರ. ಬರೋ ಸೋಮಾರ ಬಿಟ್ಟು ಅದರ ಮುಂದಿನ ಸೋಮಾರ ನಿಶ್ಚಯ ಮಾಡೋಣು. ಮಾರಿ ಮಾತ್ರ ಆ ತಾಯಿದು ನಿಮ್ಮದು ಒಂದ ನಮೂನಿ ಐತಿ ನೋಡ್ರಿ.”

“ಅಕಿ ನಗತಾಳ್ರಿ” ಅಂದೆ.

“ಅದ ನಾ ಹೇಳಬೇಕಂದಿದ್ದೆ. ನೀವೂ ನಿಶ್ಚಯದ ದಿನ ಒಂದೀಟು ನಗ್ರಿ. ಮಂದಿ ನೋಡ್ತಾರ.”

ಆಗಲಿ ಅಂದೆ. ನಿಶ್ಚಯದ ದಿನ ಸೆರಗು ಹೊದ್ದು, ಹಂದರದ ಕೆಳಗೆ ಎಲ್ಲರೂ ನೋಡುವ ಕಡೆ ಕೂತೆ. ಒಳಗೆ ನಮ್ಮ ಓಣಿಯ ಹೆಂಗಸರು ಮಾತಿನ ಭರದಲ್ಲಿ ಅನ್ನ ಸೀಯಿಸಿಬಿಟ್ಟರು. ವಾಸನೆ ಹೊರಗಿನ ತನಕ ಬಂತು. ಹೇಗೆ ನಗಲಿ? ಎದ್ದು ಒಳಗೆ ಹೋಗಿ ಬೈದೆ.